ಮನೆಯ ಗ್ಯಾಸ್ ಒಲೆಯಲ್ಲಿ ಚೈನೀಸ್ ಅಡುಗೆ: ಗೋಬಿ ಮಂಚೂರಿಯಿಂದ ಹುರಿದ ಬೀನ್ಸ್‌ವರೆಗೆ

ಗಾಡಿಯವರ ಗೋಬಿ ಗರಿಗರಿಯಾಗಿರುತ್ತದೆ, ಮನೆಯದು ಐದೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಹೋಟೆಲಿನ ಫ್ರೈಡ್ ರೈಸ್ ಉದುರುದುರಾಗಿರುತ್ತದೆ, ಮನೆಯದು ಮುದ್ದೆ ಕಟ್ಟುತ್ತದೆ. ಮನೆಯಲ್ಲಿ ಚೈನೀಸ್ ಮಾಡುವವರೆಲ್ಲ ಹೇಳುವುದು ಇದನ್ನೇ ಅಲ್ವಾ? ಬಹಳ ಜನ ಸಾಸ್ ಸರಿ ಇಲ್ಲ ಅಂದುಕೊಂಡು ಬೇರೆ ಬ್ರ್ಯಾಂಡ್ ತರುತ್ತಾರೆ. ತೊಂದರೆ ಇರುವುದು ಸಾಸ್‌ನಲ್ಲಿ ಅಲ್ಲ, ನೀರಿನಲ್ಲಿ. ತೊಳೆದ ತರಕಾರಿಗೆ ಅಂಟಿಕೊಂಡ ನೀರು, ಬಿಸಿ ಅನ್ನದೊಳಗಿನ ಹಬೆ, ಬಾಣಲೆಯನ್ನು ಒತ್ತೊತ್ತಾಗಿ ತುಂಬಿದಾಗ ಕ್ಯಾಬೇಜ್, ಕ್ಯಾಪ್ಸಿಕಂ ಬಿಡುವ ನೀರು. ಹೋಟೆಲಿನ ದೊಡ್ಡ ಉರಿ ಈ ನೀರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಸಿಬಿಡುತ್ತದೆ. ನಮ್ಮ ಮನೆಯ ಒಲೆಗೆ ಆ ಶಕ್ತಿ ಇಲ್ಲ. ಹಾಗಾಗಿ ನಾವು ಉರಿಯ ಹಿಂದೆ ಓಡುವುದಕ್ಕಿಂತ ನೀರನ್ನೇ ಮೊದಲು ತೆಗೆಯಬೇಕು. ಜೊತೆಗೆ, ಒಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ಬೇಯಿಸಬೇಕು. ಕೆಳಗೆ ಬರೆದಿರುವ ಎಲ್ಲ ಅಡುಗೆಯಲ್ಲೂ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ಶುರು ಮಾಡುವ ಮೊದಲು ಇನ್ನೊಂದು ಮಾತು. ನಾವು ಚೈನೀಸ್ ಅನ್ನುವ ಅಡುಗೆ ಹೆಚ್ಚಿನಂಶ ಭಾರತದಲ್ಲೇ ಬೆಳೆದದ್ದು. 18ನೇ ಶತಮಾನದ ಕೊನೆಯಲ್ಲಿ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಕಲ್ಕತ್ತೆಯ ಹತ್ತಿರ ಸಕ್ಕರೆ ಕಾರ್ಖಾನೆ ಹಾಕಿದ. ಆ ಊರನ್ನು ಇವತ್ತಿಗೂ ಅಚ್ಚಿಪುರ ಎಂದೇ ಕರೆಯುತ್ತಾರೆ. ಅವನ ನಂತರ ಬಂದ ಚೀನೀಯರಲ್ಲಿ ಹಕ್ಕಾ ಸಮುದಾಯದ ಜನ ಜಾಸ್ತಿ. ಕಲ್ಕತ್ತೆಯ ಟ್ಯಾಂಗ್ರಾದಲ್ಲಿ ಅವರು ಚರ್ಮ ಹದ ಮಾಡುವ ಕೆಲಸ ನಡೆಸಿದರು, ಆಮೇಲೆ ಹೋಟೆಲ್‌ಗಳನ್ನೂ ತೆರೆದರು. ನಮ್ಮ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಅವರ ಸೋಯಾ ಸಾಸ್ ಜೊತೆ ಸೇರಿದ್ದು ಅಲ್ಲಿ. ಹಕ್ಕಾ ನೂಡಲ್ಸ್ ಎಂಬ ಹೆಸರಿನ ಮೂಲವೂ ಆ ಜನವೇ. ಮಂಚೂರಿಯ ಕತೆ ಮುಂಬೈಯದು. ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎಂಬ ಮಾತು ಪ್ರಸಿದ್ಧ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ನಮ್ಮದೇ. ಅದಕ್ಕೆ ಅವರು ಗರಂ ಮಸಾಲೆ ಹಾಕಲಿಲ್ಲ, ಸೋಯಾ ಸಾಸ್ ಸುರಿದು ಕಾರ್ನ್ ಫ್ಲೋರ್‌ನಿಂದ ಗಟ್ಟಿ ಮಾಡಿದರು. ಚಿಕನ್ ಬದಲು ಹೂಕೋಸು ಬಂದಾಗ ಅದು ನಮ್ಮ ಬೀದಿ ಬೀದಿಯ ಗೋಬಿ ಮಂಚೂರಿಯಾಯಿತು. ಈ ಲೇಖನದಲ್ಲಿ ಮೊದಲು ನಮ್ಮ ಈ ದೇಸಿ ಚೈನೀಸ್ ಇದೆ. ಚೀನಾದ ಮನೆಗಳಲ್ಲೇ ಮಾಡುವ ಮೂರು ತರಕಾರಿ ಅಡುಗೆ ಕೊನೆಯಲ್ಲಿ ಬರುತ್ತವೆ. ಅವು ಇನ್ನೂ ಸುಲಭ.

ಬಾಣಲೆ ಯಾವುದು, ಉರಿ ಎಷ್ಟು

ಕಬ್ಬಿಣದ ಬಾಣಲೆ ಇದ್ದರೆ ಅದೇ ಸಾಕು, ವೋಕ್ ಎಂಬ ಚೀನೀ ಬಾಣಲೆ ಕೊಳ್ಳುವ ಅಗತ್ಯವೇ ಇಲ್ಲ. ಅಗಲ ಮಾತ್ರ ಇರಬೇಕು. ಬಾಣಲೆಯನ್ನು ಖಾಲಿ ಇರುವಾಗಲೇ ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿ. ಒಂದು ಹನಿ ನೀರು ಚಿಮುಕಿಸಿದರೆ ಅದು ಚುರ್ ಎಂದು ಅಲ್ಲೇ ಆರಬಾರದು, ಗೋಲಿಯ ಹಾಗೆ ಉರುಳಾಡಬೇಕು. ಆಗ ಎಣ್ಣೆ ಹಾಕಿ ಸುತ್ತ ಹರಡಿ, ಕೂಡಲೇ ಬೆಳ್ಳುಳ್ಳಿ ಹಾಕಿ. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಖಾಲಿ ಕಾಯಿಸಬೇಡಿ. ಅದರ ಲೇಪ ಅತಿ ಬಿಸಿಗೆ ಹಾಳಾಗಿ ಹೊಗೆ ಬಿಡುತ್ತದೆ, ಆ ಹೊಗೆ ಒಳ್ಳೆಯದಲ್ಲ. ನಾನ್‌ಸ್ಟಿಕ್ ಒಂದೇ ಇರುವವರು ಎಣ್ಣೆ ಹಾಕಿಯೇ ಕಾಯಿಸಿ, ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಉರಿ ಇಡಿ, ತರಕಾರಿಯನ್ನು ಇನ್ನೂ ಸಣ್ಣ ಸಣ್ಣ ಪಾಲು ಮಾಡಿ ಹಾಕಿ.

ಇಂಡಕ್ಷನ್ ಒಲೆಯವರಿಗೆ ತಳ ಚಪ್ಪಟೆ ಇರುವ ಕಬ್ಬಿಣದ ಬಾಣಲೆ ಬೇಕು. ಬಾಣಲೆಯನ್ನು ಎತ್ತಿ ಕುಲುಕಬೇಡಿ, ಎತ್ತಿದ ಕೂಡಲೇ ಬಿಸಿ ನಿಲ್ಲುತ್ತದೆ. ಸೌಟಿನಲ್ಲೇ ತಿರುಗಿಸಿ.

ಎರಡು ಜನಕ್ಕೆ ಆಗುವಷ್ಟನ್ನು ಮಾತ್ರ ಒಂದು ಸಲಕ್ಕೆ ಹಾಕಿ. ನಾಲ್ಕು ಜನ ಇದ್ದರೆ ಎರಡು ಸಲ ಮಾಡಿ. ಇದಕ್ಕೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ ನಿಜ, ಆದರೆ ಫ್ರೈಡ್ ರೈಸ್ ಚೆನ್ನಾಗಿ ಬರುವುದಕ್ಕೆ ಇದಕ್ಕಿಂತ ದೊಡ್ಡ ಉಪಾಯ ನನಗೆ ಗೊತ್ತಿಲ್ಲ.

ಅಂಗಡಿಯಿಂದ ಏನು ತರಬೇಕು

ಸೋಯಾ ಸಾಸ್, ಹಸಿರು ಅಥವಾ ಕೆಂಪು ಚಿಲ್ಲಿ ಸಾಸ್, ಟೊಮೆಟೊ ಕೆಚಪ್, ವಿನೆಗರ್, ಕಾರ್ನ್ ಫ್ಲೋರ್. ಇಷ್ಟೇ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಡಾರ್ಕ್ ಸೋಯಾ ಸಾಸ್. ಅದು ಕಪ್ಪು ಬಣ್ಣವನ್ನು ಬೇಗ ಕೊಡುತ್ತದೆ, ಹಾಗಾಗಿ ಫ್ರೈಡ್ ರೈಸ್‌ಗೆ ಒಂದು ಚಿಕ್ಕ ಚಮಚಕ್ಕಿಂತ ಜಾಸ್ತಿ ಹಾಕಿದರೆ ಅನ್ನ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಲೈಟ್ ಸೋಯಾ ಸಾಸ್ ಸಿಕ್ಕಿದರೆ ಅನ್ನ, ನೂಡಲ್ಸ್‌ಗೆ ಅದನ್ನು ಬಳಸಿ, ಡಾರ್ಕ್ ಅನ್ನು ಮಂಚೂರಿಗೆ ಇಡಿ. ಎರಡರಲ್ಲೂ ಉಪ್ಪು ತುಂಬ ಇದೆ. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಆದ್ದರಿಂದ ಸಾಸ್ ಎಲ್ಲ ಹಾಕಿ ರುಚಿ ನೋಡಿದ ಮೇಲೆಯೇ ಉಪ್ಪು. ಬಿಪಿ ಇರುವವರು ಸೋಯಾ ಸಾಸ್ ಅರ್ಧ ಮಾಡಿ, ಬೆಳ್ಳುಳ್ಳಿ ಮತ್ತು ವಿನೆಗರ್ ಜಾಸ್ತಿ ಮಾಡಿ. ಗೋಧಿ ಆಗದವರು ಬಾಟಲಿ ಓದಿ ನೋಡಿ, ಮಾಮೂಲಿ ಸೋಯಾ ಸಾಸ್‌ಗೆ ಗೋಧಿ ಹಾಕಿರುತ್ತಾರೆ.

ಕಾರ್ನ್ ಫ್ಲೋರ್ ಅಂದರೆ ಮೆಕ್ಕೆಜೋಳದಿಂದ ತೆಗೆದ ಬಿಳಿ ಪಿಷ್ಟ. ಬೆರಳಲ್ಲಿ ಒತ್ತಿದರೆ ಕಿರ್ ಎನ್ನುತ್ತದೆ. ರೊಟ್ಟಿಗೆ ಬಳಸುವ ಹಳದಿ ಮೆಕ್ಕೆಜೋಳದ ಹಿಟ್ಟು ಇದಕ್ಕೆ ಆಗುವುದಿಲ್ಲ.

ಎಳ್ಳೆಣ್ಣೆಯ ವಿಷಯ. ಚೀನಾದವರು ಬಳಸುವುದು ಹುರಿದ ಎಳ್ಳಿನ ಎಣ್ಣೆ, ಬಣ್ಣ ಕಂದು, ವಾಸನೆ ಗಾಢ. ಅದನ್ನು ಕೊನೆಯಲ್ಲಿ ಘಮಕ್ಕೆಂದು ಕೆಲವೇ ಹನಿ ಹಾಕುತ್ತಾರೆ. ನಮ್ಮ ಗಾಣದ ಎಳ್ಳೆಣ್ಣೆ ಹುರಿಯದ ಎಳ್ಳಿನದು, ಅದರಿಂದ ಆ ಘಮ ಬರುವುದಿಲ್ಲ. ಅಂಗಡಿಯಲ್ಲಿ ಸಿಗದಿದ್ದರೆ ಒಂದು ಚಮಚ ಬಿಳಿ ಎಳ್ಳನ್ನು ಕಂದು ಬರುವ ತನಕ ಹುರಿದು, ಜಜ್ಜಿ, ಕೊನೆಯಲ್ಲಿ ಉದುರಿಸಿ. ಚೆನ್ನಾಗಿರುತ್ತದೆ.

ಅಜಿನೊಮೊಟೊ ಹಾಕಬೇಕಾ ಎಂದು ಎಲ್ಲರೂ ಕೇಳುತ್ತಾರೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆದಾ ಎಂಬ ವಿಜ್ಞಾನಿ ಕೊಂಬು ಎಂಬ ಕಡಲಪಾಚಿಯ ಸಾರಿನಲ್ಲಿ ಇದರ ರುಚಿಯನ್ನು ಗುರುತಿಸಿದರು, ಮುಂದಿನ ವರ್ಷವೇ ಅದು ಮಾರಾಟಕ್ಕೆ ಬಂತು. ಅದು ವಿಷ ಅಲ್ಲ, ಸರ್ಕಾರ ನಿಷೇಧಿಸಿದ್ದೂ ಅಲ್ಲ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಕೊಡಬಾರದು. ಆದರೆ ಮನೆ ಅಡುಗೆಗೆ ಅದು ಬೇಕೇ ಬೇಕು ಎಂದು ನನಗೆ ಅನಿಸುವುದಿಲ್ಲ. ಸೋಯಾ ಸಾಸ್, ಟೊಮೆಟೊ, ಅಣಬೆ ಈ ಮೂರರಲ್ಲೂ ಅದೇ ರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶ ತಾನಾಗಿ ಇದೆ. ನಾಲ್ಕು ಅಣಬೆ ಸಣ್ಣಗೆ ಹೆಚ್ಚಿ ಕಂದಾಗುವ ತನಕ ಹುರಿದು ಸೇರಿಸಿದರೆ ಆ ಕೊರತೆ ಕಾಣುವುದೇ ಇಲ್ಲ.

ಗೋಬಿ ಮಂಚೂರಿ: ನಿಧಾನವಾಗಿ, ಸರಿಯಾಗಿ

ಅರ್ಧ ಕಿಲೋ ಹೂಕೋಸು ತೆಗೆದುಕೊಳ್ಳಿ. ಎರಡು ಬೆರಳಿನ ಅಗಲದ ಹೂ ಮಾಡಿ, ದಂಟು ಜಾಸ್ತಿ ಬಿಡಬೇಡಿ. ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು ಮತ್ತು ಚಿಟಿಕೆ ಅರಿಶಿನ ಹಾಕಿ, ಒಲೆ ಆರಿಸಿ, ಹೂಗಳನ್ನು ಎರಡೇ ನಿಮಿಷ ಅದರಲ್ಲಿ ಬಿಡಿ. ಒಳಗೆ ಹುಳ ಇದ್ದರೆ ಹೊರಗೆ ಬರುತ್ತದೆ. ಎರಡು ನಿಮಿಷಕ್ಕಿಂತ ಜಾಸ್ತಿ ಬಿಟ್ಟರೆ ಹೂ ಬೆಂದು ನೀರು ಕುಡಿಯುತ್ತದೆ, ಆಮೇಲೆ ಎಷ್ಟು ಕರಿದರೂ ಗರಿಗರಿ ಬರುವುದಿಲ್ಲ.

ಬಸಿದ ಮೇಲೆ ಒಣ ಬಟ್ಟೆಯ ಮೇಲೆ ಬುಡ ಮೇಲಾಗಿ ಹರಡಿ. ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಡಿ. ಹೌದು, ಅರ್ಧ ಗಂಟೆ. ಇಡೀ ಪಾಕದಲ್ಲಿ ಹೆಚ್ಚಿನವರು ಹಾರಿಸುವ ಹಂತ ಇದೇ, ಗೋಬಿ ಕೆಡುವುದೂ ಇಲ್ಲೇ. ಹೂವಿನ ಸಂದಿಯಲ್ಲಿ ನೀರು ಉಳಿದರೆ ಹಿಟ್ಟು ತೆಳುವಾಗಿ ಜಾರುತ್ತದೆ, ಎಣ್ಣೆಗೆ ಬಿದ್ದಾಗ ಸಿಡಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಬೆಳ್ಳುಳ್ಳಿ ಬಿಡಿಸಿ, ಈರುಳ್ಳಿ ಹೆಚ್ಚಿ, ಸಾಸ್ ಅಳತೆ ಮಾಡಿ ಇಟ್ಟುಕೊಳ್ಳಬಹುದು.

ಹಿಟ್ಟಿಗೆ ಅರ್ಧ ಕಪ್ ಮೈದಾ, ಅರ್ಧ ಕಪ್ ಕಾರ್ನ್ ಫ್ಲೋರ್, ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟು, ಎರಡು ಚಿಕ್ಕ ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಿಕ್ಕ ಚಮಚ ಕಾಳುಮೆಣಸಿನ ಪುಡಿ, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಮುಕ್ಕಾಲು ಚಿಕ್ಕ ಚಮಚ ಉಪ್ಪು. ಮೈದಾ ಹಿಡಿದುಕೊಳ್ಳಲು, ಕಾರ್ನ್ ಫ್ಲೋರ್ ಗರಿಗರಿಗೆ, ಅಕ್ಕಿ ಹಿಟ್ಟು ಆ ಗರಿ ಸ್ವಲ್ಪ ಹೊತ್ತು ನಿಲ್ಲಲು. ಮೈದಾ ಒಂದನ್ನೇ ಹಾಕಿದರೆ ಬಜ್ಜಿಯಾಗುತ್ತದೆ. ಫ್ರಿಜ್‌ನ ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಸುಮಾರು ಮುಕ್ಕಾಲು ಕಪ್ ಹಿಡಿಯುತ್ತದೆ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ, ಹೂವನ್ನು ಅದ್ದಿ ಎತ್ತಿದರೆ ಹಿಟ್ಟು ಅಂಟಿರಬೇಕು, ದಾರದ ಹಾಗೆ ಸುರಿಯಬಾರದು. ತುಂಬ ಹೊತ್ತು ಕಲಸಬೇಡಿ, ಮೈದಾ ಜಿಗುಟಾಗುತ್ತದೆ. ಕಲಸಿ ಇಟ್ಟುಕೊಂಡು ಕಾಯುವುದೂ ಬೇಡ. ಎಣ್ಣೆ ಕಾಯಲು ಇಟ್ಟ ಮೇಲೆ ಕಲಸಿ.

ಈಗ ಕರಿಯುವುದು. ಇದು ಎರಡು ಸಲ ಆಗಬೇಕು. ಮೊದಲ ಸಲ ಮಧ್ಯಮ ಉರಿ, ಎಣ್ಣೆ ಸುಮಾರು 160 ಡಿಗ್ರಿ. ಥರ್ಮಾಮೀಟರ್ ಬೇಡ, ಒಂದು ಹನಿ ಹಿಟ್ಟು ಹಾಕಿ. ಅದು ತಳಕ್ಕೆ ಹೋಗಿ ನಿಧಾನವಾಗಿ ಮೇಲೆ ಬಂದರೆ ಸರಿ. ಎಂಟು ಹತ್ತು ಹೂ ಒಂದೊಂದಾಗಿ ಬಿಡಿ, ನಾಲ್ಕು ನಿಮಿಷ ಕರಿಯಿರಿ. ಬಣ್ಣ ಇನ್ನೂ ಮಂಕಾಗಿರುವಾಗಲೇ ತೆಗೆದು ಜಾಲರಿಯ ಮೇಲೆ ಹರಡಿ. ಪೇಪರ್ ಮೇಲೆ ರಾಶಿ ಹಾಕಿದರೆ ಕೆಳಗಿನವು ಹಬೆಗೆ ಮೆತ್ತಗಾಗುತ್ತವೆ. ಹತ್ತು ನಿಮಿಷ ಆರಲು ಬಿಡಿ. ಈ ಹೊತ್ತಿನಲ್ಲಿ ಹೂವಿನ ಒಳಗಿನ ನೀರು ಹೊರಪದರಕ್ಕೆ ಬರುತ್ತದೆ. ಆಮೇಲೆ ದೊಡ್ಡ ಉರಿಯಲ್ಲಿ ಎಣ್ಣೆ ಕಾಯಿಸಿ, ಹಿಟ್ಟಿನ ಹನಿ ಹಾಕಿದ ಕೂಡಲೇ ಮೇಲೆ ಚಿಮ್ಮಬೇಕು. ಎಲ್ಲವನ್ನೂ ಎರಡು ಪಾಲು ಮಾಡಿ ಒಂದೂವರೆ ನಿಮಿಷ ಮತ್ತೆ ಕರಿಯಿರಿ. ಹೊರಗೆ ಬಂದ ಆ ನೀರು ಈಗ ಆರಿಹೋಗುತ್ತದೆ, ಸೌಟಿನಲ್ಲಿ ಅಲುಗಿಸಿದರೆ ಖಣಖಣ ಸದ್ದು ಬರುತ್ತದೆ. ಅತಿಥಿಗಳು ಬರುವವರಿದ್ದರೆ ಮೊದಲ ಸಲ ಕರಿಯುವುದನ್ನು ಎರಡು ಮೂರು ಗಂಟೆ ಮೊದಲೇ ಮುಗಿಸಿ ಇಡಬಹುದು.

ಸಾಸ್‌ಗೆ ಒಂದು ಬಟ್ಟಲಲ್ಲಿ ಎರಡು ದೊಡ್ಡ ಚಮಚ ಕೆಚಪ್, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಚಿಲ್ಲಿ ಸಾಸ್, ಒಂದು ಚಿಕ್ಕ ಚಮಚ ವಿನೆಗರ್, ಅರ್ಧ ಚಿಕ್ಕ ಚಮಚ ಸಕ್ಕರೆ ಎಲ್ಲ ಮೊದಲೇ ಬೆರೆಸಿಡಿ. ಇನ್ನೊಂದು ಬಟ್ಟಲಲ್ಲಿ ಒಂದು ಚಿಕ್ಕ ಚಮಚ ಕಾರ್ನ್ ಫ್ಲೋರ್ ಅನ್ನು ಕಾಲು ಕಪ್ ತಣ್ಣೀರಲ್ಲಿ ಕದಡಿ. ಬಿಸಿ ನೀರಲ್ಲಿ ಕದಡಿದರೆ ಗಂಟು ಕಟ್ಟುತ್ತದೆ. ಬಾಣಲೆ ಕಾಯಿಸಿ ಎರಡು ದೊಡ್ಡ ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಸೀಳಿದ ಮೂರು ಹಸಿಮೆಣಸಿನಕಾಯಿ ಹಾಕಿ. ಅರ್ಧ ನಿಮಿಷ ಸಾಕು, ಬೆಳ್ಳುಳ್ಳಿ ಕೆಂಪಾದರೆ ಕಹಿ. ಕೂಡಲೇ ಒಂದು ಈರುಳ್ಳಿ, ಅರ್ಧ ಕ್ಯಾಪ್ಸಿಕಂ. ಒಂದು ನಿಮಿಷ ದೊಡ್ಡ ಉರಿ. ಸಾಸ್ ಸುರಿಯಿರಿ, ಗುಳ್ಳೆ ಬಂದು ಅಂಚಲ್ಲಿ ಸ್ವಲ್ಪ ಹತ್ತಿಕೊಳ್ಳಲಿ, ಆ ವಾಸನೆಯೇ ಗಾಡಿಯ ವಾಸನೆ. ಕಾರ್ನ್ ಫ್ಲೋರ್ ನೀರನ್ನು ಇನ್ನೊಮ್ಮೆ ಕಲಕಿ ಹಾಕಿ. ಅದು ಪೂರ್ತಿ ಕುದಿದು ಹೊಳಪು ಬರಬೇಕು, ಇಲ್ಲದಿದ್ದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಸಾಸ್ ಸೌಟಿಗೆ ಅಂಟುವಷ್ಟು ಗಟ್ಟಿಯಾದ ಮೇಲೆ ಒಲೆ ಆರಿಸಿ, ಆಮೇಲೆ ಗೋಬಿ ಹಾಕಿ ನಾಲ್ಕು ಸಲ ತಿರುವಿ, ಈರುಳ್ಳಿ ಸೊಪ್ಪು ಉದುರಿಸಿ ಬಡಿಸಿ. ಒಲೆ ಉರಿಯುತ್ತಿರುವಾಗ ಗೋಬಿ ಹಾಕಿ ಬೇಯಿಸಬೇಡಿ. ಗೋಬಿ ಸಾಸ್‌ನೊಳಗೆ ಇರುವ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇದೇ ಹಿಟ್ಟು, ಇದೇ ಸಾಸ್ ಬೇಬಿ ಕಾರ್ನ್‌ಗೂ ಆಗುತ್ತದೆ, ಪನೀರ್‌ಗೂ ಆಗುತ್ತದೆ. ಪನೀರನ್ನು ಎರಡು ಸಲ ಕರಿಯಬೇಡಿ, ರಬ್ಬರ್ ಆಗುತ್ತದೆ. ಅಣಬೆಯನ್ನು ನೀರಲ್ಲಿ ನೆನೆಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಟ್ಟು ಸ್ವಲ್ಪ ಗಟ್ಟಿ ಮಾಡಿಕೊಳ್ಳಿ.

ಕ್ಯಾಬೇಜ್, ಕ್ಯಾರೆಟ್ ಉಂಡೆಯ ವೆಜ್ ಮಂಚೂರಿ ಮಾಡುವವರಿಗೆ ಒಂದೇ ಸೂಚನೆ. ತುರಿದ ತರಕಾರಿಗೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡಿ, ನೀರಿಲ್ಲದೆ ಉಂಡೆ ಕಟ್ಟುವಷ್ಟು ಮಾತ್ರ ಮೈದಾ, ಕಾರ್ನ್ ಫ್ಲೋರ್ ಸೇರಿಸಿ. ಹಿಂಡಿದ ನೀರನ್ನು ಚೆಲ್ಲಬೇಡಿ, ಗ್ರೇವಿಗೆ ಅದೇ ಚೆನ್ನ.

ಬಣ್ಣದ ಮಾತು

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷೆ ಮಾಡಿದ ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್ ಹೆಸರುಗಳು ಹೊರಬಂದವು. ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕ ರೋಡಮಿನ್ ಬಿ ಅಂತೂ ಬಟ್ಟೆಗೆ ಹಾಕುವ ಬಣ್ಣ. ಗೋಬಿಯನ್ನೇ ನಿಷೇಧಿಸಿದರು ಎಂದು ಕೆಲವರು ಇನ್ನೂ ನಂಬಿದ್ದಾರೆ. ನಿಷೇಧ ಆದದ್ದು ಬಣ್ಣ.

ನನಗೆ ಇದರಲ್ಲಿ ಬೇಸರ ತರುವ ವಿಷಯ ಬೇರೆ. ಬಣ್ಣಕ್ಕೆಂದೇ ಲೋಕಕ್ಕೆಲ್ಲ ಹೆಸರಾದ ಮೆಣಸಿನಕಾಯಿ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮಾರಾಟವಾಗುತ್ತದೆ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದರಿಂದ ತೆಗೆದ ಬಣ್ಣದ ಸಾರ ಹೊರದೇಶಗಳಿಗೂ ಹೋಗುತ್ತದೆ. ಅದನ್ನು ಬೆಳೆಯುವ ನಾಡಿನಲ್ಲಿ ಪುಡಿ ಬಣ್ಣದ ಅಗತ್ಯ ಏನಿತ್ತು? ಖಾರ ಕಡಿಮೆ, ಬಣ್ಣ ಜಾಸ್ತಿ, ಮಕ್ಕಳೂ ತಿನ್ನಬಹುದು. ಹಿಟ್ಟಿಗೆ ಪುಡಿ ಸಾಕು. ಸಾಸ್‌ಗೆ ಇನ್ನೂ ಕೆಂಪು ಬೇಕಾದರೆ ಎಂಟು ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ, ಬಿಸಿ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ನುಣ್ಣಗೆ ರುಬ್ಬಿ, ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಬಾಡಿಸಿ. ಮೆಣಸಿನ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆ, ನೀರಲ್ಲಿ ಅಷ್ಟು ಬಿಡುವುದಿಲ್ಲ. ಬೀಟ್‌ರೂಟ್ ರಸ ಹಾಕುವ ಸಲಹೆ ಎಲ್ಲ ಕಡೆ ಕಾಣುತ್ತದೆ. ಬಿಸಿಗೆ ಅದರ ಬಣ್ಣ ಕಂದಾಗುತ್ತದೆ, ಹಿಟ್ಟಿಗೂ ನೀರು ಜಾಸ್ತಿಯಾಗುತ್ತದೆ. ಬೇಡ.

ಈ ಮೆಣಸಿನ ಪೇಸ್ಟ್‌ನಿಂದಲೇ ಶೆಜ್ವಾನ್ ಚಟ್ನಿಯೂ ಆಗುತ್ತದೆ. ಹದಿನೈದು ಬ್ಯಾಡಗಿ, ಖಾರಕ್ಕೆ ಐದು ಗುಂಟೂರು, ಎರಡು ಗಡ್ಡೆ ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿದ್ದು, ಎರಡಿಂಚು ಶುಂಠಿ, ಅರ್ಧ ಕಪ್ ಎಣ್ಣೆ. ಬೆಳ್ಳುಳ್ಳಿ, ಶುಂಠಿಯನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ತನಕ ಬಾಡಿಸಿ, ಪೇಸ್ಟ್ ಹಾಕಿ ಎಣ್ಣೆ ಬಿಡುವ ತನಕ ತಿರುವಿ, ಒಂದು ದೊಡ್ಡ ಚಮಚ ವಿನೆಗರ್, ಒಂದು ಚಿಕ್ಕ ಚಮಚ ಸಕ್ಕರೆ, ಉಪ್ಪು, ಸ್ವಲ್ಪ ಸೋಯಾ ಸಾಸ್. ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ, ಒಣ ಚಮಚ ಬಳಸಿ. ಶೆಜ್ವಾನ್ ಎಂಬ ಹೆಸರಿಗೆ ಮೂಲವಾದ ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯಲ್ಲಿ ನಾಲಿಗೆ ಜುಮ್ಮೆನಿಸುವ ಒಂದು ಬಗೆಯ ಕಾಳು ಹಾಕುತ್ತಾರೆ, ನಮ್ಮ ಶೆಜ್ವಾನ್ ಚಟ್ನಿಯಲ್ಲಿ ಅದು ಇರುವುದಿಲ್ಲ. ಆದರೆ ಅದರ ಹತ್ತಿರದ ನೆಂಟ ನಮ್ಮ ಕರಾವಳಿಯಲ್ಲೇ ಇದೆ. ಕೊಂಕಣಿ ಮನೆಗಳಲ್ಲಿ ಬಳಸುವ ತೆಪ್ಪಳ್, ಕೆಲವರು ತಿರ್ಫಲ ಅನ್ನುತ್ತಾರೆ. ಒಳಗಿನ ಕಪ್ಪು ಬೀಜ ತೆಗೆದು, ನಾಲ್ಕೈದು ಸಿಪ್ಪೆ ಹುರಿದು ಪುಡಿ ಮಾಡಿ ಚಟ್ನಿಗೆ ಹಾಕಿ ನೋಡಿ. ವಾಸನೆ ಬೇರೆ, ಆದರೆ ಆ ಜುಮ್ ಬರುತ್ತದೆ.

ಫ್ರೈಡ್ ರೈಸ್

ಬಾಸ್ಮತಿಯೇ ಆಗಬೇಕೆಂದಿಲ್ಲ, ಸೋನಾ ಮಸೂರಿಯಲ್ಲೂ ಚೆನ್ನಾಗಿ ಬರುತ್ತದೆ. ಆದರೆ ಕುಕ್ಕರ್ ಬೇಡ. ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಧಾರಾಳ ನೀರಲ್ಲಿ ಕುದಿಸಿ, ಕಾಳು ಒತ್ತಿದರೆ ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ಗಂಜಿ ಬಸಿಯಿರಿ. ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ಯಾನ್ ಹಾಕಿ. ಹಬೆ ಹೋದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಿ, ಮಾರನೇ ದಿನ ಮಾಡಿದರೆ ಇನ್ನೂ ಒಳ್ಳೆಯದು. ತಣ್ಣಗಾದಾಗ ಅನ್ನದ ಪಿಷ್ಟ ಗಟ್ಟಿಯಾಗುತ್ತದೆ, ಕಾಳು ಕಾಳು ಬೇರೆಯಾಗುತ್ತದೆ. ರಾತ್ರಿಯ ಅನ್ನವನ್ನು ಹೊರಗೇ ಬಿಟ್ಟು ಬೆಳಿಗ್ಗೆ ಬಳಸಬೇಡಿ. ಬೆಚ್ಚಗಿನ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ, ವಾಂತಿ ಭೇದಿ ಆಗಬಹುದು. ಮಾಡಿದ ಒಂದೆರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು.

ಎರಡು ಜನಕ್ಕೆ ಮೂರು ಕಪ್ ಅನ್ನ. ತಣ್ಣನೆಯ ಅನ್ನವನ್ನು ಕೈಯಲ್ಲಿ ಬಿಡಿಸಿಟ್ಟುಕೊಳ್ಳಿ. ಕ್ಯಾರೆಟ್, ಬೀನ್ಸ್ ಸಣ್ಣಗೆ, ಅಂದರೆ ಕಡಲೆ ಬೇಳೆ ಗಾತ್ರಕ್ಕೆ ಹೆಚ್ಚಿ, ಆಗ ಬೇಗ ಬೇಯುತ್ತದೆ. ಕಾದ ಬಾಣಲೆಗೆ ಎಣ್ಣೆ, ಬೆಳ್ಳುಳ್ಳಿ, ಬೀನ್ಸ್ ಮತ್ತು ಕ್ಯಾರೆಟ್ ಎರಡು ನಿಮಿಷ, ಆಮೇಲೆ ಕ್ಯಾಬೇಜ್, ಕ್ಯಾಪ್ಸಿಕಂ ಒಂದು ನಿಮಿಷ. ಇವನ್ನು ತೆಗೆದು ತಟ್ಟೆಗೆ ಹಾಕಿ. ಬಾಣಲೆ ಮತ್ತೆ ಕಾಯಲಿ. ಎಣ್ಣೆ ಹಾಕಿ ಅನ್ನ ಹರಡಿ, ಅರ್ಧ ನಿಮಿಷ ಮುಟ್ಟಬೇಡಿ, ಆಮೇಲೆ ತಳದಿಂದ ಎತ್ತಿ ತಿರುವಿ. ಅನ್ನ ಬಾಣಲೆಯಲ್ಲಿ ಚಟಪಟ ಕುಣಿಯತೊಡಗಿದಾಗ ತರಕಾರಿ ಸೇರಿಸಿ. ಸೋಯಾ ಸಾಸ್ ಅನ್ನು ಅನ್ನದ ಮೇಲೆ ಸುರಿಯಬೇಡಿ, ಬಾಣಲೆಯ ಕಾದ ಅಂಚಿಗೆ ಹಾಕಿ, ಅಲ್ಲಿ ಅದು ಸುಟ್ಟು ಘಮ ಬಿಡುತ್ತದೆ. ಬಿಳಿ ಮೆಣಸಿನ ಪುಡಿ ಇದ್ದರೆ ಅದು, ಇಲ್ಲದಿದ್ದರೆ ಕಾಳುಮೆಣಸು, ಕೆಲವು ಹನಿ ವಿನೆಗರ್, ಈರುಳ್ಳಿ ಸೊಪ್ಪು. ಕೆಚಪ್ ಬೇಡ. ಅದನ್ನು ಹಾಕಿದರೆ ಅನ್ನ ಮತ್ತೆ ಒದ್ದೆಯಾಗುತ್ತದೆ.

ಶೆಜ್ವಾನ್ ಫ್ರೈಡ್ ರೈಸ್ ಬೇಕಾದರೆ ಮೇಲಿನ ಚಟ್ನಿ ಎರಡು ದೊಡ್ಡ ಚಮಚ, ಅನ್ನಕ್ಕಿಂತ ಮೊದಲು ಎಣ್ಣೆಗೆ.

ನೂಡಲ್ಸ್

ಇದರಲ್ಲಿ ಹೇಳುವುದು ಕಡಿಮೆ. ಪ್ಯಾಕೆಟ್‌ನಲ್ಲಿ ಬರೆದದ್ದಕ್ಕಿಂತ ಒಂದು ನಿಮಿಷ ಮೊದಲೇ ತೆಗೆಯಿರಿ, ಜಾಲರಿಗೆ ಸುರಿದು ತಣ್ಣೀರು ಹರಿಸಿ, ನೀರು ಪೂರ್ತಿ ಇಳಿಯಲಿ, ಒಂದು ಚಮಚ ಎಣ್ಣೆ ಸವರಿ ತಟ್ಟೆಯಲ್ಲಿ ಹರಡಿ. ತರಕಾರಿಯನ್ನು ಉದ್ದುದ್ದ, ನೂಡಲ್ಸ್‌ನಷ್ಟೇ ತೆಳುವಾಗಿ ಸೀಳಿ. ಉಳಿದದ್ದೆಲ್ಲ ಫ್ರೈಡ್ ರೈಸ್‌ನ ಹಾಗೆಯೇ. ಸೌಟಿನ ಬದಲು ಎರಡು ಫೋರ್ಕ್ ಅಥವಾ ಇಕ್ಕುಳದಿಂದ ಎತ್ತಿ ತಿರುವಿದರೆ ಎಳೆ ತುಂಡಾಗುವುದಿಲ್ಲ.

ಸ್ಪ್ರಿಂಗ್ ರೋಲ್, ಹಾಳೆಯೂ ಮನೆಯದೇ

ಒಂದು ಕಪ್ ಮೈದಾ, ಎರಡು ದೊಡ್ಡ ಚಮಚ ಕಾರ್ನ್ ಫ್ಲೋರ್, ಚಿಟಿಕೆ ಉಪ್ಪು, ಸುಮಾರು ಒಂದೂಕಾಲು ಕಪ್ ನೀರು. ನೀರ್ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ, ಸೋಸಿ ಅರ್ಧ ಗಂಟೆ ಇಡಿ. ಸಣ್ಣ ಉರಿಯಲ್ಲಿ ಹಂಚಿಗೆ ಬ್ರಷ್‌ನಿಂದ ತೆಳುವಾಗಿ ಬಳಿಯಿರಿ. ಅಂಚು ಏಳತೊಡಗಿದರೆ ಹಾಳೆ ಆಯಿತು, ಮಗುಚಿ ಹಾಕಬೇಡಿ. ಒಂದರ ಮೇಲೊಂದು ಇಡುವಾಗ ನಡುವೆ ಒಣ ಕಾರ್ನ್ ಫ್ಲೋರ್ ಉದುರಿಸಿ, ಒದ್ದೆ ಬಟ್ಟೆ ಮುಚ್ಚಿಡಿ.

ಒಳಗಿನ ಪಲ್ಯಕ್ಕೆ ಕ್ಯಾಬೇಜ್, ಕ್ಯಾರೆಟ್, ಕ್ಯಾಪ್ಸಿಕಂ, ಮೊಳಕೆ ಕಾಳು ಏನಾದರೂ ಆಗುತ್ತದೆ. ದೊಡ್ಡ ಉರಿಯಲ್ಲಿ ಎರಡು ನಿಮಿಷ ಮಾತ್ರ. ಉಪ್ಪು, ಸೋಯಾ ಸಾಸ್ ಒಲೆ ಆರಿಸಿದ ಮೇಲೆ. ತಟ್ಟೆಯಲ್ಲಿ ಹರಡಿ ಪೂರ್ತಿ ಆರಲಿ, ಬಿಟ್ಟ ನೀರನ್ನು ಬಗ್ಗಿಸಿ ಚೆಲ್ಲಿ. ಬೆಚ್ಚಗಿರುವಾಗ ಸುತ್ತಿದರೆ ಹಾಳೆ ಒದ್ದೆಯಾಗಿ ಎಣ್ಣೆಯಲ್ಲಿ ಒಡೆಯುತ್ತದೆ. ಹಾಳೆಯ ಬೆಂದ ಬದಿ ಮೇಲಿರಲಿ, ಪಲ್ಯ ಅದರ ಮೇಲೆ ಬರಲಿ, ಎರಡು ಬದಿ ಮಡಚಿ ಬಿಗಿಯಾಗಿ ಸುತ್ತಿ, ಕೊನೆಗೆ ಮೈದಾ ಅಂಟು ಹಚ್ಚಿ. ಮಧ್ಯಮ ಉರಿಯಲ್ಲಿ ಹೊಂಬಣ್ಣ ಬರುವ ತನಕ ಕರಿಯಿರಿ. ಕರಿಯದೆ ಫ್ರೀಜರ್‌ನಲ್ಲಿ ಇಡಬಹುದು, ಬೇಕಾದಾಗ ಹೊರಗಿಟ್ಟು ಕರಗಿಸದೆ ನೇರ ಎಣ್ಣೆಗೆ ಬಿಡಿ.

ಚೀನಾದ ಮನೆಗಳ ಮೂರು ತರಕಾರಿ ಅಡುಗೆ

ಮೊದಲನೆಯದು ಸಿಚುವಾನ್‌ನ ಹುರಿದ ಬೀನ್ಸ್. ಅಲ್ಲಿ ಇದಕ್ಕೆ ಸಾಮಾನ್ಯವಾಗಿ ಹಂದಿ ಮಾಂಸದ ಖೀಮಾ ಮತ್ತು ಉಪ್ಪಿನಲ್ಲಿ ಹುಳಿಸಿದ ಸೊಪ್ಪು ಹಾಕುತ್ತಾರೆ, ನಾವು ಅಣಬೆ ಹಾಕಿದರೆ ಸಾಕು. ಕಾಲು ಕಿಲೋ ಎಳೆ ಬೀನ್ಸ್ ಬೆರಳುದ್ದ ಮುರಿದು, ಒರೆಸಿ ಒಣಗಿಸಿ. ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ ಮಧ್ಯಮ ಉರಿಯಲ್ಲಿ ಎಂಟು ಹತ್ತು ನಿಮಿಷ ಹುರಿಯಿರಿ, ಸಿಪ್ಪೆ ಸುಕ್ಕುಗಟ್ಟಿ ಅಲ್ಲಲ್ಲಿ ಕಂದು ಚುಕ್ಕೆ ಬರಬೇಕು. ಅರೆಬೆಂದ ಬೀನ್ಸ್ ಹೊಟ್ಟೆ ಕೆಡಿಸುತ್ತದೆ, ಹಾಗಾಗಿ ಪೂರ್ತಿ ಬೇಯಲಿ. ಬೀನ್ಸ್ ತೆಗೆದು ಅದೇ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆ ಉಳಿಸಿ ಅಣಬೆ ಚೂರು ಹುರಿಯಿರಿ. ಆರು ಒಣಮೆಣಸಿನಕಾಯಿ ತುಂಡು, ಬೆಳ್ಳುಳ್ಳಿ, ಶುಂಠಿ ಹಾಕಿ, ಬೀನ್ಸ್ ಮರಳಿ ಸೇರಿಸಿ, ಸೋಯಾ ಸಾಸ್ ಒಂದು ಚಿಕ್ಕ ಚಮಚ, ಚಿಟಿಕೆ ಸಕ್ಕರೆ. ತೆಪ್ಪಳ್ ಪುಡಿ ಉಳಿದಿದ್ದರೆ ಇದಕ್ಕೆ ಹಾಕಿ. ಚಪಾತಿ ಜೊತೆಗೂ ಚೆನ್ನಾಗಿ ಹೊಂದುತ್ತದೆ, ಗೋಬಿಗಿಂತ ನನಗೆ ಇದೇ ಇಷ್ಟ.

ಎರಡನೆಯದು ಆಲೂಗಡ್ಡೆ ಎಳೆ. ಆಲೂಗಡ್ಡೆಯನ್ನು ಬೆಂಕಿಕಡ್ಡಿಗಿಂತ ತೆಳುವಾಗಿ ಸೀಳಿ, ನೀರು ತಿಳಿಯಾಗುವ ತನಕ ಮೂರ್ನಾಲ್ಕು ಸಲ ತೊಳೆದು, ಬಸಿದು ಬಟ್ಟೆಯಲ್ಲಿ ಒರೆಸಿ. ಪಿಷ್ಟ ಉಳಿದರೆ ಬಾಣಲೆಗೆ ಅಂಟುತ್ತದೆ. ಎಣ್ಣೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಆಮೇಲೆ ಆಲೂಗಡ್ಡೆ, ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ, ವಿನೆಗರ್ ಒಂದು ದೊಡ್ಡ ಚಮಚ, ಉಪ್ಪು. ಆಲೂಗಡ್ಡೆ ಕಚ್ಚಿದರೆ ಕುರುಕು ಇರಬೇಕು. ನಮ್ಮ ಪಲ್ಯದ ಹಾಗೆ ಮೆತ್ತಗೆ ಬೇಯಿಸಬೇಡಿ, ಇದರ ಸೊಗಸು ಆ ಕುರುಕಿನಲ್ಲೇ ಇದೆ.

ಮೂರನೆಯದಕ್ಕೆ ಒಲೆಯೇ ಬೇಡ. ಎರಡು ಸೌತೆಕಾಯಿಯನ್ನು ಲಟ್ಟಣಿಗೆಯಿಂದ ಜಜ್ಜಿ, ಒಡೆದ ತುಂಡುಗಳನ್ನು ಕೈಯಲ್ಲಿ ಮುರಿದು, ಅರ್ಧ ಚಿಕ್ಕ ಚಮಚ ಉಪ್ಪು ಹಾಕಿ ಕಾಲು ಗಂಟೆ ಬಿಡಿ. ಬಿಟ್ಟ ನೀರು ಬಗ್ಗಿಸಿ, ಜಜ್ಜಿದ ಬೆಳ್ಳುಳ್ಳಿ, ವಿನೆಗರ್, ಸೋಯಾ ಸಾಸ್, ಸಕ್ಕರೆ ಬೆರೆಸಿ, ಹುರಿದ ಎಳ್ಳು ಉದುರಿಸಿ. ಚಾಕುವಿನಲ್ಲಿ ಹೆಚ್ಚಿದ್ದಕ್ಕಿಂತ ಜಜ್ಜಿದ್ದಕ್ಕೆ ಸಾಸ್ ಚೆನ್ನಾಗಿ ಹಿಡಿಯುತ್ತದೆ.

ಎಲ್ಲ ಒಂದೇ ರಾತ್ರಿಗೆ ಮಾಡುವುದಾದರೆ

ನಾಲ್ಕು ಜನ, ಎರಡು ಒಲೆ ಎಂದಿಟ್ಟುಕೊಳ್ಳಿ. ಅನ್ನ ಹಿಂದಿನ ದಿನವೇ ಆಗಿರಲಿ. ಮಧ್ಯಾಹ್ನ ತರಕಾರಿ ಹೆಚ್ಚಿ, ಸಾಸ್ ಬೆರೆಸಿ. ಸಂಜೆ ಗೋಬಿ ಒಣಗಿಸಿ ಮೊದಲ ಸಲ ಕರಿದಿಡಿ. ಜಜ್ಜಿದ ಸೌತೆಕಾಯಿ ಊಟಕ್ಕೆ ಅರ್ಧ ಗಂಟೆ ಮೊದಲು. ಆಮೇಲೆ ಫ್ರೈಡ್ ರೈಸ್ ಎರಡು ಪಾಲಾಗಿ ಮಾಡಿ ಮುಚ್ಚಿಡಿ, ಮುಚ್ಚಳ ಸ್ವಲ್ಪ ಓರೆಯಾಗಿರಲಿ, ಹಬೆ ಹೊರಗೆ ಹೋಗಬೇಕು. ಇದು ನಡೆಯುವಾಗಲೇ ಇನ್ನೊಂದು ಒಲೆಯಲ್ಲಿ ಎಣ್ಣೆ ಕಾಯುತ್ತಿರಲಿ. ಗೋಬಿಯ ಎರಡನೇ ಕರಿತ, ಸಾಸ್, ತಿರುವುವುದು ಎಲ್ಲ ಸೇರಿ ಏಳೆಂಟು ನಿಮಿಷದ ಕೆಲಸ. ಅದನ್ನು ಎಲ್ಲರೂ ಊಟಕ್ಕೆ ಕೂತ ಮೇಲೆ ಶುರು ಮಾಡಿ, ಬಾಣಲೆಯಿಂದ ನೇರ ತಟ್ಟೆಗೆ ಬಡಿಸಿ.